ಮಂಗಳನಲ್ಲಿ ಹುಟ್ಟಲಿರುವ ಮಗುವಿನ ಪರವಾಗಿ

ಮಂಗಳ ಗ್ರಹದಲ್ಲಿ ಸೂರ್ಯ ಮುಳುಗುವಾಗ ಅದರ ಸುತ್ತಲಿನ ಆಕಾಶ ನೀಲಿಯಾಗುತ್ತದೆ. ನಮಗೆ ಹಗಲು ನೀಲಿ, ಸಂಜೆ ಕೆಂಪು. ಅಲ್ಲಿ ಹಗಲೆಲ್ಲ ಮಾಸಲು ಕಂದು, ಸಂಜೆ ಮಾತ್ರ ತಣ್ಣನೆಯ ನೀಲಿ. ಗಾಳಿಯಲ್ಲಿ ತೇಲುವ ನವಿರಾದ ಧೂಳಿನ ಕಣಗಳು ನೀಲಿ ಬೆಳಕನ್ನು ಸೂರ್ಯನ ಆಸುಪಾಸಿನಲ್ಲೇ ಉಳಿಯುವಂತೆ ಚದುರಿಸುವುದರಿಂದ ಹೀಗಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಗೇಲ್ ಕುಳಿಯೊಳಗಿಂದ ಕ್ಯೂರಿಯಾಸಿಟಿ ರೋವರ್ ತೆಗೆದ ಅಂಥ ಒಂದು ಚಿತ್ರ ಹಲವು ವರ್ಷ ನನ್ನ ಕಂಪ್ಯೂಟರಿನ ಪರದೆಯ ಮೇಲಿತ್ತು. ದೂರದ ಗುಡ್ಡಗಳ ಅಂಚು, ಅದರ ಮೇಲೆ ಪುಟ್ಟ ಬಿಳಿಯ ಸೂರ್ಯ. ಯಾರೋ ಸಂಜೆಯ ನಡಿಗೆಗೆ ಹೋದವರು ನಿಂತು ನೋಡಿದಂತೆ ಕಾಣುವ ದೃಶ್ಯ. ಮನುಷ್ಯರು ಅಲ್ಲಿ ಹೋಗಿ ನೆಲೆಸಲೇಬೇಕು ಎಂದು ಆಗ ನಾನು ಮನಸಾರೆ ನಂಬಿದ್ದೆ. ಇಂದು ಹಾಗೆ ನಂಬುವುದಿಲ್ಲ. ಆ ಚಿತ್ರದ ಮೇಲಿನ ಪ್ರೀತಿ ಮಾತ್ರ ಕಡಿಮೆಯಾಗಿಲ್ಲ.

ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ ಎಂಬುದು ನನಗೆ ತಡವಾಗಿ ಹೊಳೆಯಿತು. ಹೋಗಿಬರುವುದು ಒಂದು, ಬೀಡುಬಿಡುವುದು ಇನ್ನೊಂದು, ನೆಲೆಸುವುದು ಮತ್ತೊಂದು. 1969ರಿಂದ 1972ರ ನಡುವೆ ಚಂದ್ರನ ಮೇಲೆ ಕಾಲಿಟ್ಟ 12 ಮಂದಿ ಹೋಗಿಬಂದರು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2000ರ ನವೆಂಬರ್ 2ರಿಂದ ಒಂದು ದಿನವೂ ಖಾಲಿ ಬಿದ್ದಿಲ್ಲ, ಅದು ಬೀಡು. ಅಲ್ಲಿರುವ ಯಾರೂ ಅಲ್ಲಿಯವರಲ್ಲ, ಪಾಳಿ ಮುಗಿದ ಮೇಲೆ ಇಳಿದು ಬರುವವರು. ನೆಲೆಸುವುದು ಎಂದರೆ ಆ ನೆಲದಲ್ಲೇ ಹುಟ್ಟಿ, ಬೆಳೆದು, ಮುಪ್ಪಾಗಿ, ಅಲ್ಲೇ ಮಣ್ಣಾಗುವುದು. ಮೊದಲ ಎರಡು ಕೆಲಸಗಳಲ್ಲಿ ತರಬೇತಾದ, ಒಪ್ಪಿ ಹೊರಟ ವಯಸ್ಕರು ಮಾತ್ರ ಇರುತ್ತಾರೆ. ಮೂರನೆಯದರಲ್ಲಿ ಮಕ್ಕಳು ಬರುತ್ತಾರೆ. ಮಕ್ಕಳಿಲ್ಲದ ಜಾಗವನ್ನು ಶಿಬಿರ ಎನ್ನಬಹುದು, ಊರು ಎನ್ನಲಾಗದು. ಹಾಗಾಗಿ ಬೇರೆ ಗ್ರಹದಲ್ಲಿ ಮನುಷ್ಯರು ನೆಲೆಸಬೇಕೇ ಎಂಬ ಪ್ರಶ್ನೆಯನ್ನು ರಾಕೆಟ್ಟಿನ ಬಲದಿಂದ ಅಳೆಯುವುದನ್ನು ನಾನು ಬಿಟ್ಟಿದ್ದೇನೆ. ಅಲ್ಲಿ ಹುಟ್ಟುವ ಮೊದಲ ಮಗುವಿಗೆ ನಾವು ಏನು ಉತ್ತರ ಕೊಡಬಲ್ಲೆವು ಎಂಬುದೇ ನನ್ನ ಮಟ್ಟಿಗೆ ಅದರ ಅಳತೆಗೋಲು.

ಮಗುವಿನ ಮಾತಿಗೆ ಮೊದಲು ಉಸಿರಿನ ಮಾತು. ಮಂಗಳನ ಗಾಳಿಯಲ್ಲಿ ನೂರಕ್ಕೆ ಸುಮಾರು 95 ಪಾಲು ಇಂಗಾಲದ ಡೈಆಕ್ಸೈಡ್. ಒತ್ತಡವಂತೂ ಭೂಮಿಯದಕ್ಕೆ ಹೋಲಿಸಿದರೆ ಶೇಕಡಾ ಒಂದರಷ್ಟೂ ಇಲ್ಲ. 2021ರಲ್ಲಿ ಜೆಜೆರೊ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರಿನಲ್ಲಿ ಆ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಮಾಕ್ಸಿ ಎಂಬ ಉಪಕರಣವಿತ್ತು. ಬೇರೊಂದು ಗ್ರಹದ ಗಾಳಿಯಿಂದ ಮನುಷ್ಯರು ಮೊದಲ ಬಾರಿಗೆ ಪ್ರಾಣವಾಯುವನ್ನು ಬೇರ್ಪಡಿಸಿದ ಸುದ್ದಿ ಓದಿದ ದಿನ ನನ್ನ ಕಣ್ಣು ತುಂಬಿತ್ತು. 2023ರಲ್ಲಿ ಅದರ ಕೆಲಸ ಮುಗಿದಾಗ ಲೆಕ್ಕ ಹಾಕಿ ನೋಡಿದೆ. 16 ಬಾರಿ ಓಡಿಸಿದ ಮೇಲೆ ಅದು ಒಟ್ಟು ತಯಾರಿಸಿದ್ದು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಎಂದರೆ ಎರಡು ವರ್ಷಕ್ಕೂ ಹೆಚ್ಚಿನ ಆ ಪ್ರಯೋಗದ ಫಲ ಒಬ್ಬರ ಮೂರೂವರೆ ಗಂಟೆಯ ಉಸಿರು. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಅದು ದಾರಿ ಇದೆಯೇ ಎಂದು ನೋಡಲು ಕಳಿಸಿದ ಪುಟ್ಟ ಮಾದರಿ, ದಾರಿ ಇದೆ ಎಂದು ಅದು ತೋರಿಸಿತು. ಆದರೆ ಆ ದಾರಿಯ ಉದ್ದ ಎಷ್ಟೆಂಬುದು ಅಂದು ನನಗೆ ಮೊದಲ ಬಾರಿ ಮನದಟ್ಟಾಯಿತು.

ವಿಕಿರಣದ ಲೆಕ್ಕ ಇನ್ನೂ ಕಠಿಣ. ಮಂಗಳಕ್ಕೆ ಇಡೀ ಗ್ರಹವನ್ನು ಕಾಯುವ ಕಾಂತಕ್ಷೇತ್ರವಿಲ್ಲ, ದಪ್ಪನೆಯ ವಾತಾವರಣವೂ ಇಲ್ಲ. ಕ್ಯೂರಿಯಾಸಿಟಿ ಅಳೆದು ಕಳಿಸಿದಂತೆ ಅಲ್ಲಿನ ನೆಲದ ಮೇಲೆ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ ವಿಕಿರಣ ಬೀಳುತ್ತದೆ. ಭೂಮಿಯಲ್ಲಿ ನಮಗೆ ಪ್ರಕೃತಿಯಿಂದ ತಗಲುವುದು ಸರಾಸರಿ ವರ್ಷಕ್ಕೆ 2.4. ನೂರು ಪಟ್ಟು ಹೆಚ್ಚು ಎಂದಾಯಿತು. ಇದರಿಂದ ಪಾರಾಗಬೇಕಾದರೆ ಮೀಟರುಗಟ್ಟಲೆ ಮಣ್ಣಿನ ಕೆಳಗೆ ಬದುಕಬೇಕು. ಆ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣಗಳಿವೆ ಎಂದು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು. ಅವು ಥೈರಾಯ್ಡ್ ಗ್ರಂಥಿಗೆ ಕೇಡು ಮಾಡುವಂಥವು, ಆದ್ದರಿಂದ ತೊಳೆಯದೆ ಅಲ್ಲಿ ಬೆಳೆ ಬೆಳೆಯುವಂತಿಲ್ಲ. ಇಡೀ ಗ್ರಹವನ್ನೇ ಬೆಚ್ಚಗೆ ಮಾಡಿ ಗಾಳಿಯನ್ನು ದಪ್ಪಗೊಳಿಸುವ ಕನಸಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೈಗೆಟುಕುವ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡುಗಡೆ ಮಾಡಿದರೂ ಇಂದಿನ ತಂತ್ರಜ್ಞಾನದಿಂದ ಅದು ಆಗದು ಎಂದು ಗ್ರಹವಿಜ್ಞಾನಿಗಳಾದ ಬ್ರೂಸ್ ಜಾಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾಗಿ ನನ್ನ ಪರದೆಯ ಮೇಲಿದ್ದ ಆ ನೀಲಿ ಸಂಜೆಯನ್ನು ಅಲ್ಲಿ ನೆಲೆಸಿದವರು ಕಾಣುವುದು ಬಲು ಅಪರೂಪವಾಗಿರುತ್ತದೆ. ಅವರ ಬದುಕು ನೆಲದಡಿಯ ದೀಪದ ಬೆಳಕಿನಲ್ಲಿ ಕಳೆಯುತ್ತದೆ.

ಮುಚ್ಚಿದ ಗೂಡಿನಲ್ಲಿ ಮನುಷ್ಯರೂ ಗಿಡಮರಗಳೂ ಒಬ್ಬರಿಗೊಬ್ಬರು ಉಸಿರು ಕೊಟ್ಟುಕೊಂಡು ಬಾಳಬಹುದೇ ಎಂಬುದನ್ನು ನಾವು ಭೂಮಿಯ ಮೇಲೇ ಒಮ್ಮೆ ದೊಡ್ಡದಾಗಿ ಪರೀಕ್ಷಿಸಿದ್ದೇವೆ. ಅಮೆರಿಕದ ಅರಿಜೋನಾದಲ್ಲಿ, ಒರಾಕಲ್ ಎಂಬ ಊರಿನ ಬಳಿ, ಮೂರು ಎಕರೆಗೂ ಮಿಕ್ಕಿದ ಗಾಜಿನ ಕಟ್ಟಡವೊಂದಿದೆ. ಬಯೋಸ್ಫಿಯರ್ 2 ಎಂದು ಅದರ ಹೆಸರು. 1991ರ ಸೆಪ್ಟೆಂಬರ್ 26ರಂದು ಎಂಟು ಮಂದಿ ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಮಳೆಕಾಡಿತ್ತು, ಪುಟ್ಟ ಕಡಲಿತ್ತು, ಹೊಲವಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಒಬ್ಬರ ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆಂದು ಹೊರಗೆ ಬಂದು ಹೋಗಬೇಕಾಯಿತು. ಆಮೇಲೆ ಒಳಗಿನ ಆಮ್ಲಜನಕ ಯಾರಿಗೂ ಅರ್ಥವಾಗದ ರೀತಿಯಲ್ಲಿ ಇಳಿಯತೊಡಗಿತು. ಶೇಕಡಾ 20.9ರಷ್ಟಿದ್ದದ್ದು ಹದಿನಾರು ತಿಂಗಳಲ್ಲಿ ಸುಮಾರು 14ಕ್ಕೆ ಬಂದಾಗ, ಎತ್ತರದ ಪರ್ವತದ ಮೇಲಿರುವವರಂತೆ ಎಲ್ಲರೂ ಏದುಸಿರು ಬಿಡುತ್ತಿದ್ದರು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಕಾರಣ ಆಮೇಲೆ ತಿಳಿಯಿತು. ಫಲವತ್ತಾಗಿರಲೆಂದು ಹಾಕಿದ್ದ ಗೊಬ್ಬರದ ಮಣ್ಣಿನಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿದ್ದವು. ಗಿಡಗಳು ಅದನ್ನು ಮತ್ತೆ ಆಮ್ಲಜನಕವಾಗಿಸುವ ಮೊದಲೇ ಕಟ್ಟಡದ ಕಾಂಕ್ರೀಟು ಅದನ್ನು ಹೀರಿ ಸುಣ್ಣದ ಕಲ್ಲಾಗಿಸಿಕೊಳ್ಳುತ್ತಿತ್ತು. ಗೋಡೆಯೇ ಉಸಿರನ್ನು ನುಂಗುತ್ತಿತ್ತು. ಪರಾಗಸ್ಪರ್ಶ ಮಾಡುವ ಕೀಟಗಳೆಲ್ಲ ಸತ್ತವು. ಇರುವೆ, ಜಿರಲೆಗಳು ಹೆಚ್ಚಿದವು. ಎಂಟು ಮಂದಿ ಎರಡು ಬಣಗಳಾಗಿ ಒಡೆದರು.

ಇದನ್ನು ಸೋಲೆಂದು ಜರೆಯುವವರ ಜೊತೆ ನಾನಿಲ್ಲ. ಆ ಎಂಟು ಜನ ಹಸಿವಿನಲ್ಲೂ ಎರಡು ವರ್ಷ ಪೂರೈಸಿದರು. ಅವರಿಂದ ನಾವು ಕಲಿತದ್ದು ಎಷ್ಟೋ ಗೆಲುವುಗಳಿಂದ ಕಲಿಯುವುದಕ್ಕಿಂತ ಹೆಚ್ಚು. ನನ್ನನ್ನು ಕಾಡುವುದು ಬೇರೆ ಸಂಗತಿ. ಕಾಂಕ್ರೀಟು ಹೀಗೆ ಮಾಡೀತೆಂದು ಅದನ್ನು ಕಟ್ಟಿದವರಾರೂ ಊಹಿಸಿರಲಿಲ್ಲ. ಅಲ್ಲಿ ಕೆಟ್ಟದ್ದು ಯಂತ್ರವಲ್ಲ, ಯಾರ ಪಟ್ಟಿಯಲ್ಲೂ ಇಲ್ಲದ ಒಂದು ನಂಟು. ಭೂಮಿಯ ಮೇಲೆ ಇಂಥ ಕೋಟ್ಯಂತರ ನಂಟುಗಳು ನಮ್ಮನ್ನು ಕೇಳದೆಯೇ ನಮ್ಮನ್ನು ಉಳಿಸಿವೆ. ಅವುಗಳಲ್ಲಿ ಎಷ್ಟನ್ನು ನಾವು ಬಲ್ಲೆವು? ಅರಿಜೋನಾದಲ್ಲಿ ಬಾಗಿಲಾಚೆ ಗಾಳಿಯಿತ್ತು, ಆಸ್ಪತ್ರೆಯಿತ್ತು, ಕೆಲವೇ ಗಂಟೆಗಳಲ್ಲಿ ನೆರವು ಬರುತ್ತಿತ್ತು. ಮಂಗಳಕ್ಕೆ ಹೊರಡಲು ಗ್ರಹಗಳು ಅನುಕೂಲವಾಗಿ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಹೊರಟ ಮೇಲೂ ಆರರಿಂದ ಒಂಬತ್ತು ತಿಂಗಳ ಹಾದಿ. ‘ಉಸಿರು ಕಟ್ಟುತ್ತಿದೆ’ ಎಂಬ ಮಾತೊಂದೇ ಭೂಮಿಗೆ ಮುಟ್ಟಲು, ಗ್ರಹಗಳ ದೂರಕ್ಕೆ ತಕ್ಕಂತೆ, ಮೂರು ನಿಮಿಷದಿಂದ 22 ನಿಮಿಷ ಬೇಕು.

ಇನ್ನು ಮಗುವಿನ ಮಾತು. ಬಾಹ್ಯಾಕಾಶದ ತೂಕವಿಲ್ಲದ ಸ್ಥಿತಿಯಲ್ಲಿ ಗಗನಯಾತ್ರಿಗಳ ಮೂಳೆ ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ, ಕೆಲವರ ದೃಷ್ಟಿ ಕೆಡುತ್ತದೆ ಎಂದು ದಶಕಗಳ ಅನುಭವದಿಂದ ಗೊತ್ತಿದೆ. ಮಂಗಳನ ಗುರುತ್ವ ಭೂಮಿಯದರಲ್ಲಿ ಶೇಕಡಾ 38. ಅಷ್ಟು ಗುರುತ್ವದಲ್ಲಿ ಮನುಷ್ಯ ದೇಹ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಒಂದು ದಿನದ ಅನುಭವವೂ ಇಲ್ಲ. ಚಂದ್ರನ ಆರನೇ ಒಂದು ಗುರುತ್ವದಲ್ಲಿ ಅತಿ ಹೆಚ್ಚು ಕಾಲ ಇದ್ದವರು ಅಪೊಲೊ 17ರ ಇಬ್ಬರು, ಅದೂ ಸುಮಾರು 75 ಗಂಟೆ. ನಿಲ್ದಾಣದಲ್ಲಿ ಇಲಿಯ ಭ್ರೂಣಗಳನ್ನು ಕೆಲವು ದಿನ ಬೆಳೆಸಿ ನೋಡಿದ್ದಾರೆ. ಭೂಮಿಯ ಹೊರಗೆ ಬಸಿರಾಗಿ ಅಲ್ಲೇ ಹೆತ್ತ ಸಸ್ತನಿ ಈವರೆಗೆ ಒಂದೂ ಇಲ್ಲ. ತಾಯಿಯ ಗರ್ಭದಲ್ಲಿ ಬೆನ್ನುಹುರಿ ಹೇಗೆ ರೂಪುಗೊಂಡೀತು, ಒಳಗಿವಿಯ ಸಮತೋಲ ಹೇಗೆ ಬಂದೀತು, ಹೆರಿಗೆ ಹೇಗಾದೀತು ಎಂಬುದನ್ನು ಕೊನೆಗೆ ತಿಳಿಯಬೇಕಾದದ್ದು ಒಂದು ಮನುಷ್ಯ ಮಗುವಿನಿಂದಲೇ. ಪ್ರಾಣಿಗಳ ಮೇಲೆ ಎಷ್ಟೇ ಪರೀಕ್ಷೆ ನಡೆಸಿದರೂ ಆ ಮೊದಲ ಮಗು ಪ್ರಯೋಗವಾಗಿಯೇ ಹುಟ್ಟಬೇಕು. ಮನುಷ್ಯರ ಮೇಲಿನ ಯಾವುದೇ ಪ್ರಯೋಗಕ್ಕೆ ಅವರ ಸ್ವಂತ ಒಪ್ಪಿಗೆಯೇ ಮೊದಲ ಷರತ್ತು ಎಂದು, ನಾಜಿ ವೈದ್ಯರ ಕ್ರೂರ ಪ್ರಯೋಗಗಳ ವಿಚಾರಣೆಯಲ್ಲಿ ರೂಪುಗೊಂಡ 1947ರ ನ್ಯೂರೆಂಬರ್ಗ್ ಸಂಹಿತೆ ಹೇಳಿತು. ಆ ಷರತ್ತಿನ ಹಿಂದೆ ಎಷ್ಟು ಜನರ ನೋವಿದೆ ಎಂಬುದನ್ನು ನೆನೆದರೆ, ಗ್ರಹ ದಾಟುವ ಉತ್ಸಾಹದಲ್ಲಿ ಅದನ್ನು ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲಿ ಹುಟ್ಟಬೇಕೆಂದು ಯಾವ ಮಗು ತಾನೇ ಒಪ್ಪಿಗೆ ಕೊಟ್ಟಿದೆ, ಬರಗಾಲದ ನಾಡಿನಲ್ಲೂ ಯುದ್ಧಭೂಮಿಯಲ್ಲೂ ಮಕ್ಕಳು ಹುಟ್ಟುವುದಿಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಹಳ ದಿನ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಈಗ ನನಗೆ ತೋಚುವುದಿಷ್ಟು: ಬರದ ನಾಡಿನ ಮಗು ಬೆಳೆದು ಆ ನಾಡನ್ನು ಬಿಡಬಹುದು. ಬಿಡುವುದು ಕಷ್ಟವಾಗಬಹುದು, ಆದರೆ ಅದರ ದೇಹ ಬೇಡವೆನ್ನುವುದಿಲ್ಲ. ಮಂಗಳನಲ್ಲಿ ಬೆಳೆದವರಿಗೆ ಭೂಮಿಯ ಮೇಲೆ ತಮ್ಮ ದೇಹ ಎರಡೂವರೆ ಪಟ್ಟಿಗಿಂತ ಹೆಚ್ಚು ಭಾರ. ಅವರ ಮೂಳೆ, ಹೃದಯಗಳು ಆ ಭಾರವನ್ನು ಹೊತ್ತಾವೆಂದು ಇಂದು ಯಾರೂ ಭರವಸೆ ಕೊಡಲಾರರು. ಹೆತ್ತವರು ಹಾಕಿದ ಬಾಗಿಲನ್ನು ಮಕ್ಕಳು ಎಂದಿಗೂ ತೆರೆಯಲಾಗದಂತೆ ಮಾಡುವುದು ಬಡತನದಲ್ಲಿ ಹೆರುವುದಕ್ಕಿಂತ ಬೇರೆಯೇ ಬಗೆಯ ನಿರ್ಧಾರ.

ನೆಲೆಯ ಅಗತ್ಯಕ್ಕಾಗಿ ಮಗುವನ್ನು ಬಳಸಿಕೊಳ್ಳುವುದು ಊಹೆಯ ಮಾತಲ್ಲ, ಅಂಟಾರ್ಕ್ಟಿಕಾದಲ್ಲಿ ಅದಾಗಲೇ ನಡೆದಿದೆ. ಆ ಖಂಡದ ಒಂದು ಭಾಗದ ಮೇಲೆ ಹಕ್ಕು ಹೇಳುವ ಅರ್ಜೆಂಟೀನಾ ತನ್ನ ಎಸ್ಪೆರಾನ್ಸಾ ನೆಲೆಗೆ ಗರ್ಭಿಣಿಯೊಬ್ಬರನ್ನು ಕರೆದೊಯ್ದಿತು. 1978ರ ಜನವರಿಯಲ್ಲಿ ಅಂಟಾರ್ಕ್ಟಿಕಾದ ಮೊದಲ ಮಗು ಅಲ್ಲಿ ಹುಟ್ಟಿತು. ಒಂದು ಹಸುಗೂಸು ಬಾವುಟದ ಕೆಲಸ ಮಾಡಿತು. ಚಿಲಿಯ ವಿಲ್ಲಾ ಲಾಸ್ ಎಸ್ಟ್ರೆಲ್ಲಾಸ್ ಎಂಬ ಇನ್ನೊಂದು ನೆಲೆಯಲ್ಲಿ ದೀರ್ಘಕಾಲ ಇರಬಯಸುವ ಕುಟುಂಬಗಳು, ಮಕ್ಕಳೂ ಸೇರಿದಂತೆ, ಮೊದಲೇ ಅಪೆಂಡಿಕ್ಸ್ ತೆಗೆಸಿಕೊಳ್ಳಬೇಕಿತ್ತು, ಏಕೆಂದರೆ ದೊಡ್ಡ ಆಸ್ಪತ್ರೆ ಅಲ್ಲಿಂದ ಬಹಳ ದೂರ. ಬೆಳೆಯುವ ಮಗುವಿನ ಆರೋಗ್ಯವಂತ ದೇಹವನ್ನು ಜಾಗಕ್ಕೆ ತಕ್ಕಂತೆ ಕತ್ತರಿಸುವುದು ಅಲ್ಲಿಂದಲೇ ಶುರುವಾಗುತ್ತದೆ. ಅದೂ ಎಲ್ಲಿ? ಉಸಿರಾಡಲು ಧಾರಾಳ ಗಾಳಿಯಿರುವ, ಸುತ್ತ ಕರಗಿಸಿ ಕುಡಿಯಬಹುದಾದ ನೀರ್ಗಲ್ಲಿರುವ, ವಿಮಾನ ಇಳಿಯಬಹುದಾದ ಜಾಗದಲ್ಲಿ.

ಅಧಿಕಾರದ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಬೇರೆ ಗ್ರಹದ ನೆಲವನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ, ಮತ್ತು ಖಾಸಗಿ ಕಂಪನಿಗಳು ಅಲ್ಲಿ ಮಾಡುವ ಕೆಲಸಕ್ಕೆ ಅವುಗಳ ದೇಶವೇ ಹೊಣೆ. ಸ್ಪೇಸ್‌ಎಕ್ಸ್ ಕಂಪನಿಯ ಇಲಾನ್ ಮಸ್ಕ್ ಹತ್ತು ಲಕ್ಷ ಜನರ ಸ್ವಾವಲಂಬಿ ನಗರವನ್ನು ಮಂಗಳನಲ್ಲಿ ಕಟ್ಟುವ ಮಾತನ್ನು ಹಲವು ಬಾರಿ ಆಡಿದ್ದಾರೆ. ಅಷ್ಟು ಜನರ ಉಸಿರಾಟದ ಯಂತ್ರ ಯಾರ ಕೈಯಲ್ಲಿದೆಯೋ ಅವರಿಗೆ ಎದುರು ಮಾತಾಡುವುದು ಹೇಗೆ? ಭೂಮಿಯ ಅತಿ ಕ್ರೂರ ದೊರೆಯೂ ಗಾಳಿಯನ್ನು ಬೀಗ ಹಾಕಿಡಲಾಗಲಿಲ್ಲ.

ಮನುಷ್ಯಕುಲ ಉಳಿಯಬೇಕಾದರೆ ಎರಡನೆಯ ಮನೆ ಬೇಕೇ ಬೇಕು ಎಂಬ ವಾದ ಎಲ್ಲಕ್ಕಿಂತ ಗಂಭೀರವಾದದ್ದು; ಸ್ಟೀಫನ್ ಹಾಕಿಂಗ್ ಅವರಂಥವರು ಕೊನೆಯವರೆಗೂ ಅದನ್ನು ಹೇಳಿದರು. 6.6 ಕೋಟಿ ವರ್ಷಗಳ ಹಿಂದೆ ಹತ್ತು ಕಿಲೋಮೀಟರಿನಷ್ಟು ಅಗಲದ ಕ್ಷುದ್ರಗ್ರಹವೊಂದು ಇಂದಿನ ಮೆಕ್ಸಿಕೊದ ಚಿಕ್ಸುಲುಬ್ ಬಳಿ ಅಪ್ಪಳಿಸಿ ಡೈನೋಸಾರುಗಳನ್ನು ಅಳಿಸಿಹಾಕಿದ್ದು ನಿಜ. ಆದರೆ ಆ ಬಡಿತದ ಮರುದಿನದ ಭೂಮಿಯೂ ಇಂದಿನ ಮಂಗಳಕ್ಕಿಂತ ಬದುಕಲು ಲೇಸಾದ ಜಾಗವಾಗಿತ್ತು. ಅದರ ಮೇಲೆ ಗಾಳಿಯಿತ್ತು, ನೀರಿತ್ತು, ಬಿಲದಲ್ಲಿ ಅಡಗಿದ್ದ ಸಣ್ಣ ಸಸ್ತನಿಗಳು ಉಳಿದವು, ಅವುಗಳ ಸಂತತಿಯೇ ನಾವು. ಇನ್ನೊಂದು ಮಾತು: 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಆಕಾಶಕಾಯಕ್ಕೆ ಗುದ್ದಿ, ಅದು ತನ್ನ ಜೊತೆಗಿನ ದೊಡ್ಡ ಕ್ಷುದ್ರಗ್ರಹವನ್ನು ಒಂದು ಸುತ್ತು ಹಾಕುವ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ತಗ್ಗಿಸಿತು. ಬರುವ ಕಲ್ಲನ್ನು ತಳ್ಳುವ ವಿದ್ಯೆ ನಮ್ಮ ಕೈಗೆ ಬರುತ್ತಿದೆ, ಅದು ಭೂಮಿಯ ಮೇಲಿರುವ ಎಲ್ಲರನ್ನೂ ಕಾಯುತ್ತದೆ.

ಅಲ್ಲದೆ ಎರಡನೆಯ ಮನೆ ನಿಜಕ್ಕೂ ಆಸರೆಯಾಗಬೇಕಾದರೆ ಮೊದಲನೆಯದು ಬಿದ್ದುಹೋದ ಮೇಲೂ ಅದು ನಿಲ್ಲಬೇಕು. ಇಲ್ಲಿ ನನಗೆ ಗ್ರೀನ್‌ಲ್ಯಾಂಡಿನಲ್ಲಿ ನೆಲೆಸಿದ್ದ, ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನರ ನೆನಪಾಗುತ್ತದೆ. 985ರ ಸುಮಾರಿಗೆ ಕೆಂಪು ಎರಿಕ್‌ನ ಜೊತೆ ಐಸ್‌ಲ್ಯಾಂಡಿನಿಂದ ಹೋದವರು ಅಲ್ಲಿ ಹಟ್ಟಿ, ಹೊಲ, ಚರ್ಚುಗಳನ್ನು ಕಟ್ಟಿ ನಾನ್ನೂರಕ್ಕೂ ಹೆಚ್ಚು ವರ್ಷ ಬಾಳಿದರು. ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತವನ್ನು ಯೂರೋಪಿಗೆ ಮಾರಿ ಕಬ್ಬಿಣವನ್ನೂ ಇತರ ಸಾಮಾನನ್ನೂ ತರಿಸಿಕೊಳ್ಳುತ್ತಿದ್ದರು. ಹವಾಮಾನ ತಣ್ಣಗಾಯಿತು, ದಂತದ ಬೇಡಿಕೆ ಇಳಿಯಿತು, ಬರುವ ಹಡಗುಗಳು ಕಡಿಮೆಯಾದವು. ಅವರ ಬಗ್ಗೆ ನಮಗೆ ದೊರೆತಿರುವ ಕೊನೆಯ ಲಿಖಿತ ದಾಖಲೆ 1408ರ ಸೆಪ್ಟೆಂಬರಿನಲ್ಲಿ ಹ್ವಾಲ್ಸೇ ಚರ್ಚಿನಲ್ಲಿ ನಡೆದ ಒಂದು ಮದುವೆಯದು. ಆ ಚರ್ಚಿನ ಕಲ್ಲುಗೋಡೆಗಳು ಇಂದಿಗೂ ನಿಂತಿವೆ, ಆ ಜನ ಉಳಿಯಲಿಲ್ಲ. ಗಾಳಿ, ನೀರು, ಹುಲ್ಲು, ಮೀನು ಎಲ್ಲವೂ ಇದ್ದ ನೆಲದಲ್ಲಿ, ಹದಿನಾಲ್ಕೈದು ತಲೆಮಾರು ಕಳೆದ ಮೇಲೆ ಹೀಗಾಯಿತು. ಮಂಗಳನವರಿಗೆ ಹೊರಗಿನಿಂದ ಬೇಕಾದದ್ದು ಕಬ್ಬಿಣವೊಂದೇ ಅಲ್ಲ. ಔಷಧ, ಕವಾಟ, ಕಂಪ್ಯೂಟರ್ ಚಿಪ್ಪು, ಆ ಚಿಪ್ಪು ಮಾಡುವ ಯಂತ್ರ, ಆ ಯಂತ್ರ ಮಾಡುವ ಯಂತ್ರ. ಭೂಮಿ ಕುಸಿದರೆ ಮೊದಲು ಆರುವ ದೀಪ ಅವರದು.

ಮಂಗಳನಲ್ಲಿ ಯಾರ ನೆಲವನ್ನೂ ಕಸಿಯಬೇಕಾಗಿಲ್ಲ, ಹಾಗಾಗಿ ವಸಾಹತು ಎಂಬ ಪದದ ಹಳೆಯ ಪಾಪ ಅಲ್ಲಿಗೆ ಅಂಟದು ಎನ್ನುವವರಿದ್ದಾರೆ. ಅಲ್ಲಿ ಯಾರೂ ಇಲ್ಲ ಎಂಬುದು ನಮಗೆ ಇನ್ನೂ ಖಚಿತವಾಗಿಲ್ಲ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳನ್ನು ಹೊರಡುವ ಮೊದಲು ಗಂಟೆಗಟ್ಟಲೆ ನೂರು ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಇಟ್ಟು, ಭೂಮಿಯ ಸೂಕ್ಷ್ಮಜೀವಿಗಳು ಜೊತೆಗೆ ಹೋಗದಂತೆ ನೋಡಿಕೊಂಡರು. ಮನುಷ್ಯರನ್ನು ಹಾಗೆ ಬೇಯಿಸಲಾಗದು. ಒಬ್ಬೊಬ್ಬರ ದೇಹದಲ್ಲೂ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿವೆ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ಪ್ರಾಚೀನ ನದಿಯ ಕಣಿವೆಯೊಂದರಲ್ಲಿ ಚಿರತೆಯ ಚುಕ್ಕೆಗಳಂಥ ಗುರುತುಗಳಿದ್ದ ಬಂಡೆಯನ್ನು ಕೊರೆದು ಚೂರನ್ನು ತೆಗೆದಿಟ್ಟುಕೊಂಡಿತು. ಭೂಮಿಯಲ್ಲಿ ಅಂಥ ಗುರುತುಗಳನ್ನು ಕೆಲವೊಮ್ಮೆ ಸೂಕ್ಷ್ಮಜೀವಿಗಳು ಮೂಡಿಸುತ್ತವೆ, ಜೀವವಿಲ್ಲದೆಯೂ ಅವು ಮೂಡಬಹುದು. ಯಾವುದೆಂದು ತಿಳಿಯಲು ಆ ಚೂರು ಇಲ್ಲಿನ ಪ್ರಯೋಗಾಲಯಕ್ಕೆ ಬರಬೇಕು. ಜೀವ ಈ ವಿಶ್ವದಲ್ಲಿ ಒಂದೇ ಕಡೆ ಹುಟ್ಟಿತೇ, ಎರಡು ಕಡೆ ಹುಟ್ಟಿತೇ? ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ನಾನು ಕೇಳಿಲ್ಲ. ಅದರ ಉತ್ತರ ಬರೆದಿರಬಹುದಾದ ಪುಟದ ಮೇಲೆ ನಾವು ಆತುರದಿಂದ ನಮ್ಮ ಜೀವಿಗಳನ್ನು ಚೆಲ್ಲಿಬಿಟ್ಟರೆ, ಮುಂದೆ ಸಿಗುವ ಪ್ರತಿಯೊಂದು ಕುರುಹೂ ಅಲ್ಲಿನದೋ ನಮ್ಮದೋ ಎಂಬ ಅನುಮಾನ ಉಳಿದುಬಿಡುತ್ತದೆ.

ಹಾಗೆಂದು ಮನುಷ್ಯರು ಇಲ್ಲೇ ಕುಳಿತಿರಲಿ ಎಂಬುದು ನನ್ನ ಮಾತಲ್ಲ. ಅಂಟಾರ್ಕ್ಟಿಕಾದ ದಕ್ಷಿಣ ಧ್ರುವದಲ್ಲಿ 1956ರಿಂದ ಸಂಶೋಧಕರು ಪಾಳಿಯ ಮೇಲೆ ಇದ್ದಾರೆ. 1959ರ ಒಪ್ಪಂದ ಆ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟಿದೆ. ಚಂದ್ರನ ಮೇಲೂ, ಸಿದ್ಧತೆ ಸಾಲುವ ದಿನ ಮಂಗಳನ ಒಂದು ಚಿಕ್ಕ ಮೂಲೆಯಲ್ಲೂ ಅಂಥ ಬೀಡು ಇರಲಿ. ತಿಳಿದು ಒಪ್ಪಿದ ವಯಸ್ಕರು ಹೋಗಲಿ, ಮರಳಲಿ. ಮುಚ್ಚಿದ ಗೂಡಿನ ಪ್ರಯೋಗಗಳನ್ನು ಭೂಮಿಯ ಮೇಲೆ ಮತ್ತೆ ಮತ್ತೆ ನಡೆಸೋಣ, ಕಾಂಕ್ರೀಟಿನಂಥ ಗುಟ್ಟುಗಳು ಬಾಗಿಲು ತೆರೆಯಬಹುದಾದ ಕಡೆಯೇ ಬಯಲಾಗಲಿ. ಒಂದು ಮಗುವನ್ನು ಅಲ್ಲಿ ಹೆರಬಹುದೇ ಎಂಬ ಪ್ರಶ್ನೆಗೆ ಉತ್ತರಿಸುವ ಅರ್ಹತೆ ಮುಂದಿನ ಯಾವುದೋ ತಲೆಮಾರಿಗೆ ಬರಬಹುದು, ಬಾರದೆಯೂ ಇರಬಹುದು. ನಮಗಂತೂ ಇನ್ನೂ ಬಂದಿಲ್ಲ.

ಹೋಗಿಬರುವುದು ಎಂಬ ನಮ್ಮ ಒಂದೇ ಪದದಲ್ಲಿ ಎರಡು ಕೆಲಸಗಳಿವೆ. ಮಂಗಳನ ವಿಷಯದಲ್ಲಿ ನಾವು ಈವರೆಗೆ ಮಾಡಿರುವುದು ಮೊದಲನೆಯದನ್ನು ಮಾತ್ರ. ಆ ನೆಲದ ಮೇಲೆ ಇಳಿದ ಒಂದು ನೌಕೆಯೂ, ಒಂದು ತಿರುಪು ಮೊಳೆಯೂ ಮರಳಿ ಬಂದಿಲ್ಲ. ಅಲ್ಲಿಂದ ನಾವಾಗಿ ತಂದ ಒಂದು ಚಿಟಿಕೆ ಮಣ್ಣೂ ನಮ್ಮ ಬಳಿಯಿಲ್ಲ. 2022ರ ಡಿಸೆಂಬರಿನಿಂದ 2023ರ ಜನವರಿಯವರೆಗೆ ಪರ್ಸಿವಿಯರೆನ್ಸ್ ಜೆಜೆರೊ ಕುಳಿಯ ತ್ರೀ ಫೋರ್ಕ್ಸ್ ಎಂಬಲ್ಲಿ ಸುಮಾರು 18 ಸೆಂಟಿಮೀಟರ್ ಉದ್ದದ ಹತ್ತು ಟೈಟಾನಿಯಂ ಕೊಳವೆಗಳನ್ನು ಒಂದೊಂದಾಗಿ ನೆಲದ ಮೇಲೆ ಇಟ್ಟು, ಪ್ರತಿಯೊಂದು ಎಲ್ಲಿದೆಯೆಂದು ಗುರುತು ಮಾಡಿಕೊಂಡು ಮುಂದೆ ಹೋಯಿತು. ಕಲ್ಲು, ಮಣ್ಣು, ಗಾಳಿಯ ಮಾದರಿಗಳು ಅವುಗಳೊಳಗಿವೆ. ಯಾರಾದರೂ ಬಂದು ಎತ್ತಿಕೊಳ್ಳುವವರೆಗೆ ಅವು ಆ ನೀಲಿ ಸಂಜೆಗಳಲ್ಲಿ ಅಲ್ಲೇ ಬಿದ್ದಿರುತ್ತವೆ.